ಆಟದ ಅಂಗಳವೂ ದೇವಾಲಯದ ಅಂಗಳವೂ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯವನ್ನು ಕಟ್ಟಿದವರ, ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳ ನೆನಪಿಗೆ ಮೀಸಲಾದ ಪುಟಗಳು. ಅವುಗಳ ನಡುವೆ ಆಟೋಟದ ಮಾತೇಕೆ ಎಂದು ವಾಚಕರು ಕೇಳಿದರೆ ಅದು ಸಹಜವೇ. ಆದರೆ ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆ ಸೀಮೆಯ ನಮ್ಮ ಯುವಜನರ ಮನಸ್ಸನ್ನು ಭಾನುವಾರದ ಬೆಳಿಗ್ಗೆ ಎಳೆಯುವುದು ದೇವಾಲಯದ ಗಂಟೆಯೊಂದೇ ಅಲ್ಲ, ಚೆಂಡು ದಾಂಡುಗಳ ಸದ್ದೂ ಹೌದು. ಶತಮಾನೋತ್ಸವದ ಅಂಗವಾಗಿ ಒಂದು ಕ್ರಿಕೆಟ್ ಪಂದ್ಯಾವಳಿ ನಡೆಯಲೇಬೇಕೆಂದು ಅವರು ಹಿರಿಯರನ್ನು ಕೇಳಿದ್ದಾರೆ. ಹಿರಿಯರಲ್ಲಿ ಒಮ್ಮತವಿಲ್ಲ. ಧರ್ಮಸಭೆಯ ಚರಿತ್ರೆಯಲ್ಲಿ ಈ ಚರ್ಚೆ ಎಷ್ಟು ಹಳೆಯದೆಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಸಂತ ಪೌಲರಿಗೆ ಓಟದ ಕಣ ಅಪರಿಚಿತವಾಗಿರಲಿಲ್ಲ. ಅವರು ಪತ್ರ ಬರೆದ ಕೊರಿಂಥ ಪಟ್ಟಣದ ಸಮೀಪದಲ್ಲಿಯೇ ಎರಡು ವರ್ಷಗಳಿಗೊಮ್ಮೆ ಇಸ್ತ್‌ಮಿಯದ ಕ್ರೀಡೋತ್ಸವ ನಡೆಯುತ್ತಿತ್ತು. ಗೆದ್ದವನಿಗೆ ದೊರೆಯುತ್ತಿದ್ದುದು ನಾಲ್ಕು ದಿನಗಳಲ್ಲಿ ಬಾಡುವ ಎಲೆಗಳ ಕಿರೀಟ. ಆ ಬಾಡುವ ಕಿರೀಟಕ್ಕಾಗಿ ಓಟಗಾರನು ಪಡುವ ಕಷ್ಟವನ್ನು ತೋರಿಸಿ, ಬಾಡದ ಕಿರೀಟಕ್ಕಾಗಿ ನೀವೂ ಹಾಗೆಯೇ ಶ್ರಮಿಸಿರೆಂದು ಪೌಲರು ಬೋಧಿಸಿದರು. ಆಟವನ್ನು ಅವರು ನಿಂದಿಸಲಿಲ್ಲ. ಅದರಿಂದ ಒಂದು ಉಪಮೆಯನ್ನು ಎತ್ತಿಕೊಂಡರು.

ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ತೆರ್ತುಲ್ಲಿಯನ್ ಬರೆದ ಗ್ರಂಥದಲ್ಲಿ ಈ ಉದಾರತೆ ಇಲ್ಲ. ರಥಪಂದ್ಯ, ಮಲ್ಲಯುದ್ಧ, ನಾಟಕ ಎಲ್ಲವೂ ವಿಗ್ರಹಾರಾಧನೆಯ ಸಂತಾನವೆಂದು ಆತ ತೀರ್ಪಿತ್ತ. ಆದರೆ ಗ್ರಂಥದ ಕೊನೆಯಲ್ಲಿ, ಅಂತಿಮ ತೀರ್ಪಿನ ದಿನ ಕ್ರೈಸ್ತರಿಗೆ ಇವೆಲ್ಲವನ್ನೂ ಮೀರಿಸುವ ಮಹಾಪ್ರದರ್ಶನ ಕಾದಿದೆಯೆಂದು ಹಿಗ್ಗುತ್ತಾನೆ. ನೋಟದ ಹಂಬಲ ಆ ಕಟುನಿಷ್ಠನನ್ನೂ ಬಿಟ್ಟಿರಲಿಲ್ಲವೆಂದು ನಮಗೆ ತೋರುತ್ತದೆ.

ಸಂತ ಅಗುಸ್ತೀನರು ತಮ್ಮ ಮಿತ್ರ ಅಲಿಪಿಯುಸನ ಬಗ್ಗೆ ಹೇಳುವ ಪ್ರಸಂಗ ಇದಕ್ಕಿಂತ ಹತ್ತಿರದ್ದು. ರೋಮ್ ನಗರದಲ್ಲಿ ಗೆಳೆಯರು ಅವನನ್ನು ಖಡ್ಗಮಲ್ಲರ ಕಾಳಗಕ್ಕೆ ಬಲವಂತವಾಗಿ ಎಳೆದೊಯ್ದರು. ದೇಹ ಮಾತ್ರ ಅಲ್ಲಿರುತ್ತದೆ, ಮನಸ್ಸಲ್ಲ ಎಂದು ಶಪಥ ಮಾಡಿ ಅವನು ಕಣ್ಣು ಮುಚ್ಚಿ ಕುಳಿತ. ಕಿವಿಯನ್ನು ಮುಚ್ಚಲಿಲ್ಲ. ಜನಸ್ತೋಮದ ಒಂದು ಮಹಾ ಆರ್ಭಟಕ್ಕೆ ಕಣ್ಣು ತೆರೆಯಿತು; ಆಮೇಲೆ ಅವನೂ ಕೂಗಿದ, ಮತ್ತೆ ಮತ್ತೆ ಹೋದ, ಇತರರನ್ನೂ ಕರೆದೊಯ್ದ. ಅದೇ ಅಲಿಪಿಯುಸನು ಮುಂದೆ ಧರ್ಮಾಧ್ಯಕ್ಷನಾದನೆಂಬುದನ್ನು ನಮ್ಮ ಹಿರಿಯರು ಮರೆಯಬಾರದು.

ಇನ್ನು, ‘ಚಿನ್ನದ ಬಾಯಿ’ ಎಂಬ ಬಿರುದಿನ ಸಂತ ಯೊವಾನ್ನ ಕ್ರಿಸೋಸ್ತೋಮರ ಕಥೆ. 399ನೆಯ ವರ್ಷ, ಕಾನ್‌ಸ್ಟಾಂಟಿನೋಪಲ್ ನಗರ. ಬಿಡದೆ ಸುರಿದ ಮಳೆಗೆ ಬೆಳೆಯೆಲ್ಲ ಹಾಳಾಗುವ ಭಯ. ಜನರು ಮೆರವಣಿಗೆಯಲ್ಲಿ ಪ್ರೇಷಿತರ ದೇವಾಲಯಕ್ಕೆ ಹೋಗಿ ಮೊರೆಯಿಟ್ಟರು. ಈರುಳ್ಳಿ ಹೊಲದಲ್ಲಿಯೇ ಕೊಳೆಯುವುದನ್ನು ಕಂಡ ನಮ್ಮ ರೈತರಿಗೆ ಆ ಮೊರೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಕಣ್ಣೀರು ಒಣಗುವ ಮುನ್ನವೇ, ಪ್ರಭುವು ಶಿಲುಬೆಗೇರಿದ ವಾರವಾದ ಶುಕ್ರವಾರದಂದೇ, ಅದೇ ಜನ ರಥಪಂದ್ಯದ ಕಣಕ್ಕೆ ಧಾವಿಸಿದರು. ಸ್ವಾಮಿಗಳು ಪೀಠದಿಂದ ಗುಡುಗಿದರು. ನರೆಗೂದಲಿನ ಮುದುಕರಿಗೂ ನಾಚಿಕೆಯಿಲ್ಲವೇ ಎಂದು ಕೇಳಿದರು. ಮತ್ತೆ ಹೋದವರಿಗೆ ದೇವಾಲಯದ ಬಾಗಿಲು ಮುಚ್ಚುವುದೆಂದು ಎಚ್ಚರಿಸಿದರು. ಅಷ್ಟಾದರೂ ಪಂದ್ಯಗಳು ನಿಲ್ಲಲಿಲ್ಲ.

ಅದೇ ನಗರದಲ್ಲಿ 532ರ ಜನವರಿಯಲ್ಲಿ ನಡೆದದ್ದು ಇನ್ನೂ ಘೋರ. ರಥಪಂದ್ಯದ ನೀಲಿ ಪಕ್ಷ, ಹಸಿರು ಪಕ್ಷಗಳ ಅಭಿಮಾನಿಗಳು ಒಂದಾಗಿ ಚಕ್ರವರ್ತಿ ಜಸ್ಟಿನಿಯನ್ನನ ವಿರುದ್ಧ ದಂಗೆಯೆದ್ದರು. ಪ್ರಧಾನ ದೇವಾಲಯವೇ ಬೆಂಕಿಗೆ ಆಹುತಿಯಾಯಿತು. ದಂಗೆಯನ್ನು ಅಡಗಿಸಿದಾಗ ಪಂದ್ಯದ ಕಣದಲ್ಲಿಯೇ ಸುಮಾರು 30,000 ಮಂದಿ ಹತರಾದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯುಸ್ ಬರೆದಿದ್ದಾನೆ. ಇಂದಿಗೂ ಜಗತ್ತು ಬೆರಗಿನಿಂದ ನೋಡುವ ಹಾಗಿಯಾ ಸೋಫಿಯಾ ಆ ಬೂದಿಯ ಮೇಲೆ 537ರಲ್ಲಿ ಎದ್ದು ನಿಂತದ್ದು.

ಹಾಗೆಂದು ಧರ್ಮಸಭೆ ಆಟದ ವೈರಿಯೆಂದು ತಿಳಿಯುವುದು ತಪ್ಪಾದೀತು. ‘ಇನ್ನೂ ವೇಗ, ಇನ್ನೂ ಎತ್ತರ, ಇನ್ನೂ ಬಲ’ ಎಂಬ ಅರ್ಥದ ಒಲಿಂಪಿಕ್ ಘೋಷವಾಕ್ಯವನ್ನು ಮೊದಲು ತನ್ನ ಶಾಲೆಯ ಹುಡುಗರಿಗೆ ಕೊಟ್ಟವರು ಫ್ರಾನ್ಸಿನ ಡೊಮಿನಿಕನ್ ಗುರು ಹೆನ್ರಿ ದಿದೋನ್. 1894ರಲ್ಲಿ ಅದು ಒಲಿಂಪಿಕ್ ಚಳವಳಿಯ ಸೊತ್ತಾಯಿತು. ನಮ್ಮ ನಾಡಿನ ಕ್ರೈಸ್ತ ಶಾಲೆಗಳಲ್ಲಿಯೂ ಪಾಠದ ಕೊಠಡಿಯಷ್ಟೇ ಆಟದ ಬಯಲಿಗೂ ಬೆಲೆಯಿತ್ತು. ರಾಹುಲ್ ದ್ರಾವಿಡ್ ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯಲ್ಲಿ ಓದಿದವರು.

ನಮ್ಮ ಸೀಮೆಗೆ ಕ್ರಿಕೆಟ್ಟಿನ ಹುಚ್ಚು ಹತ್ತಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಸತತ 15 ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ಬೆಂಗಳೂರಿನಲ್ಲಿ ಕೆಡವಿ, ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ತಂದಿತು. ಮುಂಬಯಿಯ ವಿರುದ್ಧ 162 ಓಟ ಹೊಡೆದ ಗುಂಡಪ್ಪ ವಿಶ್ವನಾಥರು ಹುಟ್ಟಿದ್ದು ತರೀಕೆರೆಯ ನೆರೆಯ ಭದ್ರಾವತಿಯಲ್ಲಿ, 1949ರಲ್ಲಿ. ‘ನಮ್ಮವ’ ಎಂದು ಎದೆ ತಟ್ಟಿಕೊಳ್ಳಲು ಅಷ್ಟು ಸಾಕಾಗಿತ್ತು.

ಆದರೆ ವಿಶ್ವನಾಥರನ್ನು ನಾವು ಇಲ್ಲಿ ನೆನೆಯುವುದು ಆ ಓಟಗಳಿಗಾಗಿ ಅಲ್ಲ. ಅವರು ಭಾರತದ ನಾಯಕರಾಗಿದ್ದದ್ದು ಎರಡೇ ಟೆಸ್ಟ್ ಪಂದ್ಯಗಳಲ್ಲಿ. ಎರಡನೆಯದು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಪಂದ್ಯ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತ್ತು. ಆಮೇಲೆ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ಆತನನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ಓಟ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ನಾಯಕನಾಗಿ ಅವರಿಗೆ ಮತ್ತೊಂದು ಟೆಸ್ಟ್ ದೊರೆಯಲಿಲ್ಲ. ಅವರು ನಮ್ಮ ಧರ್ಮದವರಲ್ಲ. ಆದರೂ ಜ್ಞಾನೋಪದೇಶದ ತರಗತಿಯಲ್ಲಿ ಸತ್ಯದ ಬೆಲೆಯನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಗೊತ್ತಿಲ್ಲ.

2025ರ ಏಪ್ರಿಲ್ 18 ಶುಭ ಶುಕ್ರವಾರ. ಅಂದು ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ಪಂಜಾಬ್ ತಂಡಗಳ ಐಪಿಎಲ್ ಪಂದ್ಯವಿತ್ತು. ಮಳೆ ಬಂದು ಆಟ ತಡವಾಗಿ, 14 ಓವರುಗಳಿಗೆ ಇಳಿಯಿತು. ಮಳೆ, ಶುಕ್ರವಾರ, ಪಂದ್ಯ: ಕ್ರಿಸೋಸ್ತೋಮರು ಇದ್ದಿದ್ದರೆ ಏನೆನ್ನುತ್ತಿದ್ದರೋ! ಶಿಲುಬೆಯ ಹಾದಿ ಮುಗಿಸಿ ಮನೆಗೆ ಹೋದವರಲ್ಲಿ ಎಷ್ಟು ಮಂದಿ ಮೊಬೈಲಿನಲ್ಲಿ ಸ್ಕೋರು ನೋಡಿದರೆಂದು ನಾವು ಎಣಿಸಹೊರಡುವುದಿಲ್ಲ.

ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡ 18ನೆಯ ಪ್ರಯತ್ನದಲ್ಲಿ ಕಪ್ ಗೆದ್ದಿತು. ಮರುದಿನ ಸುಮಾರು 35,000 ಮಂದಿ ಹಿಡಿಸುವ ಕ್ರೀಡಾಂಗಣದ ಸುತ್ತ ಎರಡು ಲಕ್ಷಕ್ಕೂ ಮಿಕ್ಕಿ ಜನ ನೆರೆದರು. ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯ ವಯಸ್ಸಿನವರು. ಹೊಣೆ ಯಾರದೆಂಬ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಬೀರೂರಿನಲ್ಲಿ ರೈಲು ಹತ್ತಿದರೆ ನಮ್ಮ ಮಕ್ಕಳೂ ಅಲ್ಲಿರಬಹುದಾಗಿತ್ತೆಂಬ ನಡುಕ ಮಾತ್ರ ನಮ್ಮದು.

ಇದನ್ನೆಲ್ಲ ಕಂಡು ಆಟವನ್ನೇ ತೊರೆಯಿರೆನ್ನಲು ನಮಗೆ ನಾಲಗೆ ಬಾರದು. ಹಬ್ಬದ ತೇರಿನ ಹಿಂದೆ ನಡೆಯುವಾಗ, ಸಾವಿರ ಕೊರಳು ಒಂದೇ ಗೀತೆಯನ್ನೆತ್ತಿದಾಗ, ನಮ್ಮ ಮೈ ನವಿರೇಳುವುದೂ ಅಂಥದೇ ಸುಖ. ಆ ಸುಖವನ್ನು ಹುಡುಗರು ಹದಿನೇಳು ವರ್ಷ ಸೋತ ಒಂದು ತಂಡದಲ್ಲಿ ಹುಡುಕಿಕೊಂಡರೆ, ದೇವಾಲಯದ ಬೆಂಚಿನಲ್ಲಿ ಅವರಿಗೆ ಅದು ಏಕೆ ಸಿಗಲಿಲ್ಲವೆಂಬ ಪ್ರಶ್ನೆ ಹಿರಿಯರಾದ ನಮ್ಮ ಕಡೆಗೇ ತಿರುಗುತ್ತದೆ. ಉತ್ತರ ನಮ್ಮ ಬಳಿ ಸಿದ್ಧವಾಗಿಲ್ಲ.

ಪಂದ್ಯಾವಳಿಗೆ ನಮ್ಮ ಒಪ್ಪಿಗೆಯಿದೆ. ಮೊದಲ ಚೆಂಡು ಬೀಳುವುದು ಭಾನುವಾರದ ಬಲಿಪೂಜೆ ಮುಗಿದ ಮೇಲೆ. ಊರಿನ ಎಲ್ಲ ಜಾತಿ ಮತಗಳ ಹುಡುಗರಿಗೂ ತಂಡಗಳಲ್ಲಿ ಸ್ಥಾನವಿರಬೇಕು. ಮತ್ತು ಅಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಜೂನ್ 4ರಂದು ಮಡಿದ ಆ ಹನ್ನೊಂದು ಮಂದಿಗಾಗಿ ಒಂದು ಕೋರಿಕೆಯನ್ನು ಆಟಗಾರರಲ್ಲೊಬ್ಬನೇ ಓದಬೇಕು.