ನಮ್ಮ ಸೀಮೆಯ ದನಕರುಗಳೂ ಮೇವಿನ ಸಂಗ್ರಹವೂ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ಬಾಗಲಕೋಟೆ ಸೀಮೆಯು ಚರಿತ್ರೆಯಲ್ಲಿ ಸುಪ್ರಸಿದ್ಧವಾದುದು. ಕ್ರಿ.ಶ. ೫೪೩ರಲ್ಲಿ ಒಂದನೆಯ ಪುಲಕೇಶಿಯು ಬಾದಾಮಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದುದು ಮೊದಲುಗೊಂಡು, ಐಹೊಳೆ ಪಟ್ಟದಕಲ್ಲುಗಳ ದೇವಾಲಯಗಳ ಶಿಲ್ಪದವರೆಗೆ ವಿದ್ವಾಂಸರು ವಿಸ್ತಾರವಾಗಿ ಬರೆದಿರುವರು. ಆದರೆ ಆ ಗುಡಿಗಳ ಕಲ್ಲನ್ನೆಳೆದ ಎತ್ತುಗಳೂ, ಆ ಊರುಗಳ ಮಕ್ಕಳಿಗೆ ಹಾಲನ್ನಿತ್ತ ಆಕಳುಗಳೂ ಬೇಸಗೆಯ ಆರು ತಿಂಗಳು ಏನನ್ನು ತಿಂದು ಬದುಕಿದುವೆಂಬುದನ್ನು ವಿಚಾರಿಸಿದವರು ವಿರಳ. ಅರಸರ ವಂಶಾವಳಿಯಂತೆಯೇ ಮೇವಿಗೂ ಒಂದು ಚರಿತ್ರೆಯುಂಟು. ಒಕ್ಕಲುತನವನ್ನೇ ಬಾಳುವೆಯನ್ನಾಗಿ ಉಳ್ಳ ಭಕ್ತಮಹಾಶಯರ ಮುಂದೆ ಅದನ್ನು ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವಾಗಿದೆ.

ದನ ಕಾಯುವುದೂ ಹುಲ್ಲು ಕೊಯ್ಯುವುದೂ ಕೀಳು ಕೆಲಸವೆಂಬ ಭಾವನೆಯನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೊಡೆದುಹಾಕಿದರು. ತುರುಗಾಹಿ ರಾಮಣ್ಣನವರು ಗೋವುಗಳನ್ನು ಕಾಯುವುದನ್ನೇ ಕಾಯಕವನ್ನಾಗಿ ಕೈಕೊಂಡವರು. ನುಲಿಯ ಚಂದಯ್ಯನವರು ಕೆರೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹವನ್ನು ನಡೆಯಿಸಿದರು. ಬಸವಣ್ಣನವರು ವಿದ್ಯೆ ಕಲಿತ ಕೂಡಲಸಂಗಮವಾದರೋ ನಮ್ಮ ಹುನಗುಂದ ತಾಲೂಕಿನಲ್ಲಿಯೇ ಇರುವುದಷ್ಟೆ. ಅದು ಕಾರಣ ಹುಲ್ಲಿನ ವಿಚಾರವು ಮಠದ ಸಂಚಿಕೆಗೆ ಹೊರಗಿನದೆಂದು ಯಾರೂ ಭಾವಿಸಬೇಕಾಗಿಲ್ಲ.

ಈ ಸೀಮೆಯ ಮಳೆ ಸ್ವಲ್ಪವಾದುದು. ವರ್ಷಕ್ಕೆ ಸರಾಸರಿ ೬೦೦ ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಹುನಗುಂದದ ಕಡೆಗೆ ಎರೆಯ ಭೂಮಿ, ಬಾದಾಮಿಯ ಸುತ್ತ ಕೆಂಗಲ್ಲಿನ ಗುಡ್ಡ, ಇಲಕಲ್ಲಿನ ಬಳಿ ಕೆಂಪು ಮಸಾರಿ. ಇಂತಹ ನೆಲದಲ್ಲಿ ವರ್ಷವೆಲ್ಲ ಹಸುರು ಹುಲ್ಲು ದೊರೆಯುವುದೆಂಬ ಆಸೆ ವ್ಯರ್ಥ. ಇದನ್ನರಿತ ಹಿರಿಯರು ಜೋಳವನ್ನು ಆರಿಸಿಕೊಂಡರು. ತೆನೆ ಮನುಷ್ಯನಿಗೆ, ದಂಟು ದನಕ್ಕೆ. ಒಂದೇ ಬಿತ್ತಿಗೆಯಲ್ಲಿ ಎರಡು ಜೀವಗಳ ಅನ್ನ. ಹಿಂಗಾರಿಯ ಜೋಳವನ್ನು ಕೊಯ್ದು, ತೆನೆ ಮುರಿದು, ದಂಟನ್ನು ಒಣಗಿಸಿ ಸಿವುಡು ಕಟ್ಟಿ, ಕಲ್ಲು ಕಟ್ಟಿಗೆಗಳ ಹಾಸಿನ ಮೇಲೆ ಗೆದ್ದಲು ಹತ್ತದಂತೆ ಬಣವೆಯೊಟ್ಟುತ್ತಿದ್ದರು. ನೆತ್ತಿಯನ್ನು ಇಳಿಜಾರಾಗಿಸಿ ಮಳೆಯ ನೀರು ಒಳಗಿಳಿಯದಂತೆ ಮಾಡುವುದು ಒಂದು ವಿದ್ಯೆಯೇ ಆಗಿದ್ದಿತು. ಕಡಲೆ, ತೊಗರಿ, ಶೇಂಗಾಗಳ ಹೊಟ್ಟನ್ನು ಬೇರೆಯಾಗಿ ಕಾಪಾಡುತ್ತಿದ್ದರು. ಕಾಳಿಗೆ ನೆಲದೊಳಗಿನ ಹಗೇವು, ಮೇವಿಗೆ ನೆಲದ ಮೇಲಿನ ಬಣವೆ. ಇವೆರಡೂ ತುಂಬಿದ ಮನೆಯು ಒಂದು ವರ್ಷದ ಬರವನ್ನು ತಡೆಯಬಲ್ಲುದಾಗಿತ್ತು.

ಎರಡು ವರ್ಷಗಳ ಬರವನ್ನು ಮಾತ್ರ ಅದು ತಡೆಯಲಾರದೆ ಹೋಯಿತು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಈ ಸೀಮೆಯು ಪಟ್ಟ ಪಾಡು ಹೃದಯವಿದ್ರಾವಕವಾದುದು. ಆಗ ಈ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದುವು. ೧೮೭೨ರ ಖಾನೇಸುಮಾರಿಯಲ್ಲಿ ೮ ಲಕ್ಷಕ್ಕೂ ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೬ ಲಕ್ಷ ೩೮ ಸಾವಿರಕ್ಕೆ ಇಳಿದಿದ್ದಿತು. ಮನುಷ್ಯರ ಗತಿಯೇ ಹೀಗಾದ ಮೇಲೆ ಮೂಕಪ್ರಾಣಿಗಳ ಲೆಕ್ಕವನ್ನು ಕೇಳುವವರಾರು? ಇಲ್ಲಿ ಮನಗಾಣಬೇಕಾದ ಒಂದು ಸಂಗತಿಯುಂಟು. ಮಳೆ ಮರಳಿ ಬಂದೊಡನೆ ಕ್ಷಾಮವು ಮುಗಿಯಲಿಲ್ಲ. ಏಕೆಂದರೆ ನೆಲ ಹಸಿಯಾದರೂ ಹೂಡುವುದಕ್ಕೆ ಎತ್ತುಗಳಿರಲಿಲ್ಲ. ಮೇವಿಲ್ಲದೆ ದನ ಕಳೆದುಕೊಂಡ ಒಕ್ಕಲಿಗನು ಮಳೆಯಾದ ವರ್ಷದಲ್ಲಿಯೂ ಬಡವನಾಗಿಯೇ ಉಳಿದನು. ಮೇವಿನ ಬರವು ಅನ್ನದ ಬರವನ್ನು ಇಮ್ಮಡಿಸುವುದೆಂಬ ಪಾಠವನ್ನು ಆ ಕ್ಷಾಮವು ಕಲಿಸಿತು.

೧೮೮೪ರಲ್ಲಿ ಹೊಟಗಿಯಿಂದ ಗದಗಿಗೆ ಬಾಗಲಕೋಟೆ ಬಾದಾಮಿಗಳ ಮೇಲಿಂದ ಉಗಿಬಂಡಿಯ ದಾರಿ ತೆರೆಯಿತು. ಕಾಳುಕಡಿಯನ್ನು ದೂರದಿಂದ ತರಿಸುವುದು ಅಂದಿನಿಂದ ಸುಲಭವಾಯಿತು. ಆದರೆ ಕಣಿಕೆಯು ಕಾಳಿನಂತಲ್ಲ. ತೂಕ ಕಡಿಮೆ, ಗಾತ್ರ ಹೆಚ್ಚು. ದೂರದಿಂದ ಬಂದ ಮೇವಿನ ಬೆಲೆಯಲ್ಲಿ ಸಾಗಣೆಯ ವೆಚ್ಚವೇ ದೊಡ್ಡದಾಗುವುದು. ಮೇವು ಊರಲ್ಲಿಯೇ ಬೆಳೆದು ಊರಲ್ಲಿಯೇ ಉಳಿಯತಕ್ಕ ವಸ್ತುವೆಂಬ ಮಾತು ಅಂದಿನಂತೆ ಇಂದಿಗೂ ನಿಜವಾಗಿದೆ. ಬಳಿಕ ೧೮೯೬–೯೭ರಲ್ಲಿ, ೧೮೯೯–೧೯೦೦ರಲ್ಲಿ, ಪುನಃ ೧೯೪೨–೪೩ರಲ್ಲಿ ಬರಗಳು ಬಂದೊದಗಿದುವು. ಕೊನೆಯ ಬರದಲ್ಲಿ ಜನರಿಗೆ ಹೊಲಗಳ ಒಡ್ಡು ಹಾಕುವ ಕೆಲಸ ದೊರೆತು, ಮಣ್ಣನ್ನೂ ನೀರನ್ನೂ ಹಿಡಿದಿಡುವ ಕ್ರಮವು ಬೇರೂರಿತು.

ದನಗಳ ತಳಿಗಳೂ ಈ ನೆಲಕ್ಕೆ ತಕ್ಕವೇ ಆಗಿದ್ದುವು. ಎರೆಯ ಹೊಲದ ಭಾರವಾದ ನೇಗಿಲಿಗಾಗಿ ಸಾಂಗಲಿಯ ಪಟವರ್ಧನ ಅರಸರು ಹತ್ತೊಂಬತ್ತನೆಯ ಶತಮಾನದಲ್ಲಿ ಪೋಷಿಸಿದ ಕೃಷ್ಣಾ ಕಣಿವೆಯ ತಳಿ, ಓಟಕ್ಕೂ ದುಡಿಮೆಗೂ ಹೆಸರಾದ ಖಿಲಾರಿ, ಒಣಮೇವಿನಲ್ಲಿಯೇ ಗಟ್ಟಿ ಹಾಲು ಕೊಡುವ ಧಾರವಾಡಿ ಎಮ್ಮೆ. ಈ ಎಮ್ಮೆಗೆ ೨೦೨೧ರಲ್ಲಿ ಪ್ರತ್ಯೇಕ ತಳಿಯೆಂಬ ಮನ್ನಣೆಯು ದೊರೆತಿರುವುದು. ೧೯೭೪ರಿಂದೀಚೆಗೆ ಕರ್ನಾಟಕದಲ್ಲಿ ಸಹಕಾರಿ ಹೈನುಗಾರಿಕೆ ಬೆಳೆದು, ವಿಜಯಪುರ–ಬಾಗಲಕೋಟೆ ಹಾಲು ಒಕ್ಕೂಟದ ಸಂಘಗಳು ಹಳ್ಳಿಗಳಲ್ಲಿ ನೆಲೆಗೊಂಡ ಮೇಲೆ ಮಿಶ್ರತಳಿಯ ಆಕಳುಗಳೂ ಬಡವರ ಕೊಟ್ಟಿಗೆಗಳಿಗೆ ಬಂದುವು. ಅವು ಹಾಲು ಹೆಚ್ಚು ಕೊಡುವುವು, ಹೊಟ್ಟೆಗೂ ಹೆಚ್ಚು ಬೇಡುವುವು.

ಆದರೆ ಇದೇ ಕಾಲದಲ್ಲಿ ಬಣವೆಗಳು ಕುಗ್ಗುತ್ತ ನಡೆದುವು. ೧೯೬೪ರಲ್ಲಿ ಹೊರಬಂದ ಸಿ.ಎಸ್.ಎಚ್.-೧ ಎಂಬ ಸಂಕರ ಜೋಳವು ಕಾಳಿನಲ್ಲಿ ಸಮೃದ್ಧವಾದರೂ ದಂಟಿನಲ್ಲಿ ಗಿಡ್ಡ. ನಮ್ಮ ಒಕ್ಕಲಿಗರು ಹಿಂಗಾರಿಗೆ ಮಾಲದಂಡಿ ಜೋಳವನ್ನು ಬಿಡದೆ ಹಿಡಿದುಕೊಂಡುದು ಮೂಢತನದಿಂದಲ್ಲ. ಅದರ ಉದ್ದನೆಯ ಸಿಹಿ ಕಣಿಕೆಯ ಬೆಲೆಯನ್ನು ಅವರು ಬಲ್ಲವರಾಗಿದ್ದರು. ಮುಂದೆ ಗೋವಿನಜೋಳ, ಹತ್ತಿ, ಕಬ್ಬುಗಳು ಜೋಳದ ಸ್ಥಳವನ್ನು ಆಕ್ರಮಿಸಿದುವು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗದೊಡನೆ ಹೊಳೆದಂಡೆಯ ಹೊಲಗಳೂ ಮುಳುಗಿದುವು. ೨೦೨೩ರಲ್ಲಿ ರಾಜ್ಯದ ೨೨೩ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟಾಗ ಸರಕಾರವು ಮೇವಿನ ಬೀಜವನ್ನು ಹಂಚಬೇಕಾಗಿ ಬಂದಿತು. ಬರ ಬಂದ ಮೇಲೆ ಬೀಜ ಬಿತ್ತುವುದು ಒಳ್ಳೆಯದೇ. ಬರಕ್ಕೆ ಮುಂಚೆ ಮೇವನ್ನು ಕೂಡಿಡುವುದು ಇನ್ನೂ ಒಳ್ಳೆಯದು.

ಹಿಂದೆ ಈ ವಿದ್ಯೆಯನ್ನು ಮಗನು ತಂದೆಯಿಂದ ಕಣದಲ್ಲಿಯೇ ಕಲಿಯುತ್ತಿದ್ದನು. ಈಗ ಕಣವೂ ಇಲ್ಲ, ಕಲಿಸುವವರೂ ವಿರಳ. ಆದುದರಿಂದ ಒಂದೆರಡು ದನಗಳ ಒಡೆಯರಿಗೆ ಇದನ್ನು ಕ್ರಮವಾಗಿ ಬೋಧಿಸುವುದು ಅವಶ್ಯವಾಗಿದೆ. ಆ ಬೋಧನೆಯ ಮೊದಲ ಪಾಠವು ಲೆಕ್ಕ. ೪೦೦ ಕಿಲೋ ತೂಕದ ಹಯನಿನ ಆಕಳಿಗೆ ದಿನಕ್ಕೆ ಹಸಿಮೇವಿನೊಡನೆ ೬ ಕಿಲೋ ಒಣಮೇವೆಂದು ಹಿಡಿದರೆ, ೧೮೦ ದಿನಗಳಿಗೆ ೧೦೮೦ ಕಿಲೋ ಬೇಕು. ಸುಗ್ಗಿಯಲ್ಲಿಯೇ ಈ ಲೆಕ್ಕವನ್ನು ಮಾಡಿದವನು ವೈಶಾಖದಲ್ಲಿ ದನವನ್ನು ಅಗ್ಗಕ್ಕೆ ಮಾರಲಾರನು.

ಎರಡನೆಯದು ಕತ್ತರಿಸುವುದು. ಇಡಿಯ ಕಣಿಕೆಯನ್ನು ಹಾಕಿದರೆ ದನವು ಎಲೆಯನ್ನು ತಿಂದು ದಪ್ಪ ದಂಟನ್ನು ತುಳಿದು ಕೆಡಿಸುವುದು. ಸಣ್ಣದಾಗಿ ಕತ್ತರಿಸಿ ಗೋದಲಿಯಲ್ಲಿ ಹಾಕಿದರೆ ಹಾಳಾಗುವುದು ಅತ್ಯಲ್ಪ. ಮೂರನೆಯದು ಬೆಳೆಯುವುದು. ಬಾವಿಯ ನೀರಿರುವವರು ಬದುವಿನ ಬಳಿ ಕೆಲವು ಗುಂಟೆಗಳಲ್ಲಿ ನೇಪಿಯರ್ ಹುಲ್ಲನ್ನೂ ಕುದುರೆ ಮಸಾಲೆಯನ್ನೂ ಹಚ್ಚಬಹುದು. ನೇಪಿಯರ್ ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು, ಅನಂತರ ಸುಮಾರು ೪೫ ದಿನಗಳಿಗೊಮ್ಮೆ ಕೊಯ್ಲು ಕೊಡುವುದು. ನೀರಿಲ್ಲದವರು ಜೋಳದೊಡನೆ ಅಲಸಂದಿಯನ್ನು ಬಿತ್ತಬಹುದು. ಎಳೆಯ ಜೋಳವೂ, ನೀರಿಲ್ಲದೆ ಬಾಡಿ ಮರಳಿ ಚಿಗುರಿದ ಜೋಳವೂ ನಂಜುಳ್ಳವು. ಹೂವಾಡುವವರೆಗೆ ಅದಕ್ಕೆ ದನವನ್ನು ಬಿಡಲೇಬಾರದು.

ನಾಲ್ಕನೆಯದು ಹಸುರನ್ನು ಹಸುರಾಗಿಯೇ ಕಾಪಾಡುವ ರಸಮೇವು. ಕಾಳು ಹಾಲುಗಟ್ಟುವಾಗ ಜೋಳ ಅಥವಾ ಗೋವಿನಜೋಳವನ್ನು ಕೊಯ್ದು, ಸಣ್ಣದಾಗಿ ಕತ್ತರಿಸಿ, ಗುಂಡಿಯಲ್ಲಿ ಪದರುಪದರಾಗಿ ತುಳಿದು, ಗಾಳಿ ನೀರು ಹೋಗದಂತೆ ಮುಚ್ಚಿದರೆ ಒಂದೂವರೆ ತಿಂಗಳಿಗೆ ಅದು ಹುಳಿಹದವಾಗಿ ಸಿದ್ಧವಾಗುವುದು. ಹಗೇವಿನ ಜಾಣ್ಮೆಯನ್ನು ಬಲ್ಲ ನಾಡಿಗೆ ಈ ಗುಂಡಿಯು ಅಪರಿಚಿತವೇನೂ ಅಲ್ಲ. ಐದನೆಯದು ಒಣಮೇವಿನ ಸಂಸ್ಕಾರ: ೧೦೦ ಕಿಲೋ ಮೇವಿಗೆ ೪ ಕಿಲೋ ಯೂರಿಯವನ್ನು ಸುಮಾರು ೫೦ ಲೀಟರ್ ನೀರಿನಲ್ಲಿ ಕರಗಿಸಿ ಸಮನಾಗಿ ಚಿಮುಕಿಸಿ, ಮೂರು ವಾರ ಬಿಗಿಯಾಗಿ ಮುಚ್ಚಿಡುವುದು. ಇದರಲ್ಲಿ ಅಳತೆ ತಪ್ಪಿದರೆ ಪ್ರಾಣಹಾನಿಯುಂಟು; ಬಲ್ಲವರ ಕೈಯಿಂದ ಕಣ್ಣಾರೆ ಕಲಿಯದೆ ಮಾಡಲಾಗದು, ಎಳೆಗರುಗಳಿಗಂತೂ ಹಾಕಲೇಬಾರದು.

ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರ, ಪಶುವೈದ್ಯರು, ಹಾಲಿನ ಸಂಘಗಳು, ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇವೆಲ್ಲ ಈ ವಿದ್ಯೆಗೆ ಆಸರೆಯಾಗತಕ್ಕವು. ಆದರೆ ಕೊಟ್ಟಿಗೆಯ ದುಡಿಮೆಯ ಬಹುಭಾಗವು ಹೆಣ್ಣುಮಕ್ಕಳದು. ಪಾಠಕ್ಕೆ ಕರೆಯುವಾಗ ಗಂಡಸರನ್ನು ಮಾತ್ರ ಕರೆದರೆ ನೀರು ಬೇರಿಗೆ ತಲುಪದು. ಮಠದ ಹೊಲಗಳಲ್ಲಿ ಒಂದು ತುಂಡು ಭೂಮಿಯನ್ನು ಮೇವಿಗೆ ಮೀಸಲಿಟ್ಟು, ಅಲ್ಲಿ ಬೆಳೆದ ಬೇರುತುಂಡುಗಳನ್ನೂ ಬೀಜವನ್ನೂ ಊರವರಿಗೆ ಹಂಚಿದರೆ ಅದೂ ದಾಸೋಹವೇ ಸರಿ.

ಕಾರಹುಣ್ಣಿಮೆಯಂದು ನಾವು ಎತ್ತುಗಳಿಗೆ ಬಣ್ಣ ಬಳಿದು, ಕೋಡಿಗೆ ಗೊಂಡೆ ಕಟ್ಟಿ, ಹೋಳಿಗೆ ತಿನ್ನಿಸಿ ಕರಿ ಹರಿಯುವೆವು. ಆ ಹಬ್ಬವು ಬರುವುದು ಬೇಸಗೆ ತೀರುವ ಹೊತ್ತಿಗೆ, ಬಣವೆಯು ಬುಡ ಕಂಡ ಹೊತ್ತಿಗೆ. ಬಣ್ಣದ ಕೆಳಗೆ ಪಕ್ಕೆಲುಬು ಎಣಿಸುವಂತಿದ್ದರೆ ಆ ಪೂಜೆಯು ಶಿವನಿಗೆ ಹೇಗೆ ಪ್ರಿಯವಾದೀತು? ಒಂದು ದಿನದ ಹೋಳಿಗೆಗಿಂತ ನೂರೆಂಬತ್ತು ದಿನಗಳ ಹಿಡಿಮೇವು ಮೇಲು. ಭಕ್ತಜನರು ಈ ಮಹೋತ್ಸವದ ನೆನಪಿಗಾಗಿ ಮನೆಗೊಂದು ಬಣವೆಯನ್ನು, ಊರಿಗೊಂದು ರಸಮೇವಿನ ಗುಂಡಿಯನ್ನು ನೆಲೆಗೊಳಿಸುವಂತಾಗಲಿ. ಮೂಕಜೀವಿಗಳ ಹೊಟ್ಟೆ ತಣ್ಣಗಿದ್ದು, ನಾಡು ಹಾಲುಕ್ಕಿ ಬಾಳಲಿ.