ಗೋವೈದ್ಯ ಹುಟ್ಟಿದ ನಾಡಿನಲ್ಲಿ ಮೀನುವೈದ್ಯ ಏಕಿಲ್ಲ?

ಕಲ್ಯಾಣದ ಚಾಲುಕ್ಯರ ಮನೆತನಕ್ಕೆ ಪ್ರಾಣಿಗಳ ಬಗ್ಗೆ ಬರೆಯುವ ಗೀಳೇ ಇತ್ತೆನ್ನಬೇಕು. ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ಸುಮಾರು 1125ರಲ್ಲಿ ಕನ್ನಡದಲ್ಲೇ ‘ಗೋವೈದ್ಯ’ ಬರೆದು, ದನಕರುಗಳ ಬೇನೆಗೆ ಮದ್ದನ್ನೂ ಮಂತ್ರವನ್ನೂ ಒಟ್ಟಿಗೆ ಹೇಳಿದ. ಅದಾದ ಕೆಲವೇ ವರ್ಷಗಳಲ್ಲಿ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ವನ್ನು ಮುಗಿಸಿದ. ಅದರ ನೂರು ಅಧ್ಯಾಯಗಳಲ್ಲಿ ಒಂದು ‘ಮತ್ಸ್ಯವಿನೋದ’. ಸಮುದ್ರದ ಮೀನು ಯಾವುದು, ಹೊಳೆಯದು ಯಾವುದು, ಹುರುಪೆ ಇದ್ದದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನ್ನಿಸಿ ರೂಢಿ ಮಾಡಿಸಬೇಕು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂದೆಲ್ಲ ಅರಸ ಅಲ್ಲಿ ವಿವರಿಸುತ್ತಾನೆ. ಆದರೆ ಅದು ಉಣಿಸುವ, ಹಿಡಿಯುವ ಶಾಸ್ತ್ರ. ಬೇನೆ ವಾಸಿಮಾಡುವ ಶಾಸ್ತ್ರವಲ್ಲ. ಆನೆಗೆ ಪಾಲಕಾಪ್ಯನಿದ್ದ, ಕುದುರೆಗೆ ಶಾಲಿಹೋತ್ರನಿದ್ದ, ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡಕ್ಕೊಂದು ಅಶ್ವವೈದ್ಯವನ್ನೂ ಕೊಟ್ಟ. ಇವುಗಳ ಸಾಲಿನಲ್ಲಿ ನಿಲ್ಲುವ ಮೀನಿನ ವೈದ್ಯಗ್ರಂಥ ಮಾತ್ರ ನಮ್ಮಲ್ಲಿಲ್ಲ. ಈ ಕೊರತೆಗೆ ಅಸಡ್ಡೆಯೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮೀನಿನ ಬೇನೆಯ ಸ್ವಭಾವದಲ್ಲೇ ಅದಕ್ಕೆ ಉತ್ತರವಿದೆ, ಆ ಉತ್ತರ ಇಂದಿನ ಅಕ್ವೇರಿಯಂ ಸಾಕಣೆಗೂ ಬೇಕಾದದ್ದು.

ಅಸಡ್ಡೆ ಎನ್ನುವವರು ಬಾದಾಮಿಯ ಎರಡನೆಯ ಗುಹೆಯಲ್ಲಿ ನಿಂತು ಒಮ್ಮೆ ಮೇಲೆ ನೋಡಬೇಕು. ಛಾವಣಿಯ ಚೌಕದೊಳಗೆ ಹದಿನಾರು ಮೀನುಗಳೇ ಅರೆಕಾಲುಗಳಾಗಿರುವ ಒಂದು ಚಕ್ರವಿದೆ. ಕೆಳಗೆ ಅಗಸ್ತ್ಯತೀರ್ಥ, ಅಲ್ಲಿಂದ ಅಷ್ಟೇನೂ ದೂರವಲ್ಲದ ಮಹಾಕೂಟದಲ್ಲಿ ಊಟೆಯ ನೀರಿನ ಪುಷ್ಕರಣಿ, ಬನಶಂಕರಿಯಲ್ಲಿ ಹರಿದ್ರಾತೀರ್ಥ. ನೀರನ್ನು ಕಲ್ಲಿನಲ್ಲಿ ಕಟ್ಟಿ ಹಿಡಿದ ಈ ಜನ ಮೀನನ್ನು ಕಣ್ಣಿಟ್ಟು ನೋಡಿದವರೇ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಎತ್ತು ಸತ್ತರೆ ಒಕ್ಕಲುತನ ನಿಲ್ಲುತ್ತದೆ, ಕುದುರೆ ಸತ್ತರೆ ದಂಡು ಕುಂಟುತ್ತದೆ, ಒಂದು ಮೀನು ಸತ್ತರೆ ಯಾರಿಗೇನು ನಷ್ಟ? ಒಪ್ಪತಕ್ಕ ಮಾತು. ಮೀನಿನ ಕಿವಿರನ್ನು ಎತ್ತಿ ನೋಡುವ ಜಾಣ್ಮೆ ನಮ್ಮ ಸಂತೆಗಳಲ್ಲಿ ಎಂದಿನಿಂದಲೂ ಇದೆ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳಸಿದ್ದು. ಆ ಪರೀಕ್ಷೆ ನಡೆಯುತ್ತಿದ್ದದ್ದು ಸತ್ತ ಮೀನಿನ ಮೇಲೆ, ಕೊಳ್ಳುವವನ ಹಿತಕ್ಕಾಗಿ. ಆದರೆ ನಷ್ಟದ ಲೆಕ್ಕವೊಂದೇ ಕಾರಣವಾಗಿದ್ದರೆ, ಹಿಡಿಯುವ ಮೊದಲು ಮೀನಿಗೆ ಉಣಿಸಿ ಪಳಗಿಸುವ ಕ್ರಮವನ್ನು ಅರಸನೊಬ್ಬ ಅಷ್ಟು ಜತನದಿಂದ ಬರೆದಿಡುತ್ತಿರಲಿಲ್ಲ. ಸಾಕುವ ಆಸೆ ಇತ್ತು, ನೋಡುವ ಕಣ್ಣಿತ್ತು; ಚಿಕಿತ್ಸೆಗೆ ಹಿಡಿತ ಸಿಗಲಿಲ್ಲ.

ಏಕೆ ಸಿಗಲಿಲ್ಲ ಎನ್ನುವುದು ಕಿವಿರಿನ ಕೆಲಸ ನೋಡಿದರೆ ತಿಳಿಯುತ್ತದೆ. ದನಕ್ಕೆ ಗೊಟ್ಟದಲ್ಲಿ ಕಷಾಯ ಕುಡಿಸಬಹುದು, ಬರೆ ಹಾಕಬಹುದು. ಬೇನೆ ಒಂದು ಮೈಯೊಳಗೆ ಇರುತ್ತದೆ. ಮೀನಿನ ಮೈ ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಲೀಟರಿಗೆ ಏಳೆಂಟು ಮಿಲಿಗ್ರಾಂ ಆಮ್ಲಜನಕ ಕರಗಿದ್ದರೆ ಅದೇ ಹೆಚ್ಚು. ಅಷ್ಟನ್ನು ಹೀರಲು ಕಿವಿರಿನ ಪೊರೆ ತೀರಾ ತೆಳ್ಳಗಿರಬೇಕು. ಉಸಿರು ಒಳಗೆ ಬರುವ ಆ ದಾರಿಯಲ್ಲೇ ಅಮೋನಿಯಾ ಹೊರಗೆ ಹೋಗುತ್ತದೆ, ಲವಣಗಳ ಸಮತೋಲವೂ ಅಲ್ಲೇ ನಡೆಯುತ್ತದೆ. ಹಾಗಾಗಿ ನೀರು ಕೆಟ್ಟ ಕೂಡಲೇ ಮೊದಲು ಕೆಡುವುದು ಕಿವಿರು. ಇತ್ತ ನೀರಿನ ವೈದ್ಯ ನಮಗೆ ಹೊಸದಲ್ಲ. ಸುಶ್ರುತ ಹೇಳಿದ ಕತಕ, ಅಂದರೆ ಚಿಲ್ಲದ ಬೀಜ, ಬಗ್ಗಡವನ್ನು ತಳಕ್ಕಿಳಿಸುತ್ತಿತ್ತು. ‘ಮಾನಸೋಲ್ಲಾಸ’ದಲ್ಲೇ ಕುಡಿಯುವ ನೀರಿಗಾಗಿ ‘ಪಾನೀಯಭೋಗ’ ಎಂಬ ಅಧ್ಯಾಯವಿದೆ. ಕೆರೆಗಳ ನಿರ್ವಹಣೆಗೆ ಬಿಟ್ಟ ಬಿತ್ತುವಟ್ಟದ ಭೂಮಿಯ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವೆಲ್ಲ ಮನುಷ್ಯನ ದಾಹಕ್ಕೆ, ಹೊಲದ ಪೈರಿಗೆ ಮಾಡಿದ ವ್ಯವಸ್ಥೆ. ಮೀನಿಗಾಗಿ ಮಾಡಿದ್ದು ಎಂದರೆ ಸುಳ್ಳಾಗುತ್ತದೆ. ಮೀನಿನ ಅಧ್ಯಾಯ ಒಂದು ಕಡೆ, ನೀರಿನ ಅಧ್ಯಾಯ ಇನ್ನೊಂದು ಕಡೆ ಒಂದೇ ಹೊತ್ತಗೆಯಲ್ಲಿ ಇದ್ದವು, ಅವೆರಡನ್ನೂ ಜೋಡಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಹರಡಿದ ಕೆರೆಯಲ್ಲಿ, ಹರಿಯುವ ಮಲಪ್ರಭೆಯಲ್ಲಿ ಮೀನು ಕೆಟ್ಟ ಜಾಗ ಬಿಟ್ಟು ಒಳ್ಳೆಯ ಜಾಗಕ್ಕೆ ಈಜಿ ಹೋಗುತ್ತಿತ್ತು. ಗಾಜಿನ ತೊಟ್ಟಿ ಬಂದ ಮೇಲೆ ಆ ದಾರಿ ಮುಚ್ಚಿತು.

ಲಂಡನ್ನಿನ ಮೃಗಾಲಯ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು 1853ರಲ್ಲಿ. ಕಿವಿರಿಗೆ ಅಂಟುವ ಡ್ಯಾಕ್ಟಿಲೊಗೈರಸ್ ಹುಳುವಿಗೆ ಆ ಹೆಸರು ಸಿಕ್ಕಿದ್ದು 1850ರಲ್ಲಿ; ಕಿವಿರನ್ನು ಕೊಳೆಸುವ ಕಾಲಮ್ನಾರಿಸ್ ರೋಗವನ್ನು ಡೇವಿಸ್ ವರ್ಣಿಸಿದ್ದು 1922ರಲ್ಲಿ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಶುರುವಾದದ್ದು 1969ರಲ್ಲಿ. ಸೂಕ್ಷ್ಮದರ್ಶಕವಿಲ್ಲದೆ ಈ ಹುಳು, ಬ್ಯಾಕ್ಟೀರಿಯಾಗಳು ಕೀರ್ತಿವರ್ಮನಿಗೆ ಕಾಣುವಂತಿರಲಿಲ್ಲ; ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎನ್ನುವವರ ಜೊತೆ ನಾನಿಲ್ಲ. ಇಲ್ಲಿ ಎದುರಾಗುವ ಗಟ್ಟಿ ಆಕ್ಷೇಪವೆಂದರೆ, ಹುಳು ಹತ್ತಿದ ಮೀನು ಬರೀ ನೀರು ಬದಲಿಸಿದರೆ ವಾಸಿಯಾಗುತ್ತದೆಯೇ? ಆಗುವುದಿಲ್ಲ. ಒಂದೇ ಕಿವಿರುಮುಚ್ಚಳ ಆಡಿಸುತ್ತ, ಕಲ್ಲಿಗೆ ಮೈ ತಿಕ್ಕುವ ಮೀನಿಗೆ ಹುಳುವಿನ ಮದ್ದೇ ಬೇಕು. ಕಿವಿರು ಬಿಳಿಚಿ ಅಂಚು ಹರಿದಿದ್ದರೆ ಬ್ಯಾಕ್ಟೀರಿಯಾದ ಶಂಕೆ ಪಡಬೇಕು. ಆದರೆ ಬೆಳಗಿನ ಜಾವ ತೊಟ್ಟಿಯ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದರೆ ಅದು ಆಮ್ಲಜನಕದ ಕೊರತೆ. ಕಿವಿರು ಕಂದುಬಣ್ಣಕ್ಕೆ ತಿರುಗಿದರೆ ನೈಟ್ರೈಟ್ ನೆತ್ತರಿಗೆ ಸೇರಿದೆ ಎಂದರ್ಥ, ಅದಕ್ಕೆ ನೀರು ಬದಲಿಸಿ ಅಯೋಡಿನ್ ಇಲ್ಲದ ಉಪ್ಪನ್ನು ಹದವಾಗಿ ಹಾಕಿದರೆ ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ. ಹುಳುವಿಗೆ ಬಳಸುವ ಫಾರ್ಮಲಿನ್ ಕೂಡ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಮೀನಿನ ತೊಟ್ಟಿಗೆ ಗಾಳಿಯ ಪಂಪು ಇಲ್ಲದೆ ಅದನ್ನು ಸುರಿದರೆ ಹುಳುವಿನ ಜೊತೆ ಮೀನೂ ಹೋಗುತ್ತದೆ. ಅಂದರೆ ಮದ್ದು ಬೇಕಾದ ಕಡೆಯಲ್ಲೂ ನೀರಿನ ಕೆಲಸವೇ ಮೊದಲು.

ಬಾಗಲಕೋಟೆ ಸೀಮೆಗೆ ಈ ಮಾತು ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ, ಕಾರಣ ಇಲ್ಲಿನ ಕಲ್ಲು. ಬಾದಾಮಿಯದು ಕೆಂಪು ಮರಳುಗಲ್ಲು, ಇಳಕಲ್ಲಿನದು ಹೆಸರಾದ ಗುಲಾಬಿ ಗ್ರಾನೈಟು, ಬಾಗಲಕೋಟೆಯ ಸುತ್ತ ಸಿಮೆಂಟಿಗೆ ಒದಗುವ ಸುಣ್ಣಕಲ್ಲು. ಸುಣ್ಣಕಲ್ಲಿನ ನೆಲದ ಬೋರಿನ ನೀರು ಗಡಸು, ಅದರ ಪಿಎಚ್ ಏರುಮುಖ. ಮೂವತ್ತು ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇಕಡಾ 7ರ ಆಚೆಗೆ ಹೋಗುತ್ತದೆ. ಮೀನು ಅದೇ, ಕಾಳು ಅದೇ, ತೊಟ್ಟಿ ಅದೇ; ಕಿವಿರಿಗೆ ತಗಲುವ ಉರಿ ಮಾತ್ರ ಹಲವು ಪಟ್ಟು. ಬೇರೆ ಊರಿನ ನೀರಿಗೆ ಹೊಂದಿದ ಸಲಹೆಯನ್ನು ಹಾಗೆಯೇ ತಂದು ಇಲ್ಲಿ ನಡೆಸಲಾಗುವುದಿಲ್ಲ. ಬಾಗಲಕೋಟೆ, ಹುನಗುಂದ, ಇಳಕಲ್ಲಿನಲ್ಲಿ ಮೀನು ಸಾಕುವವರು ನೀಲಿ, ಹಳದಿ ಔಷಧದ ಬಾಟಲಿಗೆ ಕೈಹಾಕುವ ಮೊದಲು ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ ಅಳೆಯುವ ಕಿಟ್ ಕೊಳ್ಳಲಿ, ತೊಟ್ಟಿಯ ಕಾಲುಭಾಗದಷ್ಟು ನೀರನ್ನು ಕ್ಲೋರಿನ್ ಇಲ್ಲದ ನೀರಿನಿಂದ ಬದಲಿಸಲಿ, ಒಂದು ದಿನ ಕಾಳು ಹಾಕುವುದನ್ನು ನಿಲ್ಲಿಸಲಿ. ಅದಾದ ಮೇಲೂ ಮೀನು ಏದುಸಿರು ಬಿಡುತ್ತಿದ್ದರೆ ಆಗ ಮದ್ದಿನ ಯೋಚನೆ ಮಾಡಬಹುದು.