ಹರಿದು ಹಂಚಿಹೋದ ನಾಡು ಒಂದಾದ ಬಗೆ



ಇದನ್ನು ಓದುವಾಗ ಕರ್ನಾಟಕದ ಭೂಪಟವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಭೂಪಟ ಬಿಚ್ಚುವ ಮೊದಲು, ಬೆಂಗಳೂರಿನ ಪಶ್ಚಿಮ ಭಾಗದ ಕೆಲವು ಬಡಾವಣೆಗಳ ಹೆಸರನ್ನು ನೆನಪಿಸಿಕೊಳ್ಳಿ. ವಿಜಯನಗರ, ಅದಕ್ಕೆ ಅಂಟಿಕೊಂಡಿರುವ ಹಂಪಿನಗರ, ಅಲ್ಲಿಂದ ಉತ್ತರಕ್ಕೆ ಬಸವೇಶ್ವರನಗರ, ಅದರಾಚೆ ರಾಜಾಜಿನಗರ. ಬಸ್ಸಿನ ಬೋರ್ಡಿನ ಮೇಲೆ ದಿನವೂ ಓದುವ ಹೆಸರುಗಳಿವು. ಇವುಗಳ ಹಿಂದೆ ಒಂದು ಇತಿಹಾಸ ಅಡಗಿದೆಯೆಂದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

1950ನೇ ಇಸವಿಯಲ್ಲಿ ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಹಂಪಿಯನ್ನು ನೋಡಬೇಕೆಂದು ಹೊರಟಿದ್ದರೆ ಮೈಸೂರು ರಾಜ್ಯದ ಗಡಿ ದಾಟಿ ಮದರಾಸು ರಾಜ್ಯಕ್ಕೆ ಹೋಗಬೇಕಾಗಿತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಆಗ ಮುಂಬಯಿ ರಾಜ್ಯದಲ್ಲಿತ್ತು. ಅವರು ಐಕ್ಯರಾದ ಕೂಡಲಸಂಗಮವೂ ಅಲ್ಲಿಯೇ. ಅವರು ಅನುಭವ ಮಂಟಪ ನಡೆಸಿದ ಕಲ್ಯಾಣವಾದರೋ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿತ್ತು. ನಿಜಾಮರ ಆ ಸೀಮೆಯಲ್ಲಿ ನಾಣ್ಯವೇ ಬೇರೆ, ಕಚೇರಿಯ ಭಾಷೆ ಉರ್ದು. ಒಬ್ಬನೇ ಮಹಾಪುರುಷನ ಹೆಜ್ಜೆಗಳನ್ನು ಹಿಂಬಾಲಿಸಿದವನಿಗೆ ಎರಡು ಸರ್ಕಾರಗಳು ಎದುರಾಗುತ್ತಿದ್ದವು.

ಇಂದು ಈ ಊರುಗಳೆಲ್ಲ ಒಂದೇ ರಾಜ್ಯದಲ್ಲಿವೆ. ಇದು ಹೇಗೆ ಸಾಧ್ಯವಾಯಿತು? ಒಮ್ಮೆ ಬೇರೆಯಾದದ್ದು ಮತ್ತೆ ಕೂಡುವುದು ಅಷ್ಟು ಸುಲಭವೇ? ಬನ್ನಿ, ನೋಡೋಣ.

ಹರಿದದ್ದು ಹೇಗೆ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದಾಗ ಅವನ ರಾಜ್ಯವನ್ನು ಗೆದ್ದವರು ಪಾಲು ಹಾಕಿದರು. ನಡುವಿನ ಭಾಗ ಮೈಸೂರಿನ ಒಡೆಯರಿಗೆ ಉಳಿಯಿತು. ಕರಾವಳಿ ಬ್ರಿಟಿಷರ ಪಾಲಾಯಿತು. ನಿಜಾಮರಿಗೆ ಸಿಕ್ಕಿದ್ದ ಬಳ್ಳಾರಿ ಸೀಮೆ 1800ರಲ್ಲಿ ಬ್ರಿಟಿಷರ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಧಾರವಾಡ, ಬೆಳಗಾವಿ, ಬಿಜಾಪುರಗಳ ಕಡೆಯ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿಗೆ ವರ್ಗಾಯಿಸಲಾಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಚಿಕ್ಕ ಸಂಸ್ಥಾನಗಳು ಬೇರೆ.

ಮೈಸೂರಿನ ಹೊರಗಿದ್ದ ಕನ್ನಡಿಗರು ಎಲ್ಲಿಯೂ ಬಹುಸಂಖ್ಯಾತರಾಗಿರಲಿಲ್ಲ. ಮುಂಬಯಿಯಲ್ಲಿ ಮರಾಠಿ ಮತ್ತು ಗುಜರಾತಿ, ಮದರಾಸಿನಲ್ಲಿ ತಮಿಳು ಮತ್ತು ತೆಲುಗು, ಹೈದರಾಬಾದಿನಲ್ಲಿ ಉರ್ದು ಮುಂದಿದ್ದವು. ಮನೆಯ ಮಾತು ಶಾಲೆ, ಕಚೇರಿಗಳಲ್ಲಿ ಮೂಲೆಗೆ ಸರಿಯಿತು. ಏಕೀಕರಣದ ಬಯಕೆ ಹುಟ್ಟಿದ್ದು ಈ ಕೊರಗಿನಿಂದ.

ಕೂಡುವ ಹಂಬಲ

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿ ಕನ್ನಡಿಗರಿಗೆ ತಮ್ಮ ಪೂರ್ವಜರ ಪರಿಚಯ ಮಾಡಿಸಿದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ರಚಿಸಲು ಒಪ್ಪಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಸೇರಿದಾಗಲೇ ಅಲ್ಲಿ ಮೊದಲ ಏಕೀಕರಣ ಸಮ್ಮೇಳನವೂ ನಡೆಯಿತು.

ಸ್ವಾತಂತ್ರ್ಯ ಬಂದೊಡನೆ ಎಲ್ಲವೂ ಸರಿಹೋಗುವುದೆಂದು ಜನ ನಂಬಿದ್ದರು. ಹಾಗಾಗಲಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿದ್ದುದರಿಂದ ಭಾಷೆಯ ಹೆಸರಿನಲ್ಲಿ ರಾಜ್ಯಗಳನ್ನು ರಚಿಸಲು ದೆಹಲಿಯ ನಾಯಕರು ಹಿಂಜರಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು.

ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿತು. ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆ ದಿನ ಬಳ್ಳಾರಿಯನ್ನು ಬಿಟ್ಟುಕೊಟ್ಟ ಮದರಾಸು ರಾಜ್ಯದ ಮುಖ್ಯಮಂತ್ರಿ ಯಾರು ಗೊತ್ತೇ? ನಮ್ಮ ರಾಜಾಜಿನಗರಕ್ಕೆ ಹೆಸರು ಕೊಟ್ಟ ಸಿ. ರಾಜಗೋಪಾಲಾಚಾರಿಯವರೇ! ಸಂಭ್ರಮ ಸುಲಭವಾಗಿ ಬರಲಿಲ್ಲ. ವಿಲೀನದ ಮುನ್ನಾದಿನ ರಾತ್ರಿ ಬಳ್ಳಾರಿಯಲ್ಲಿ ಸಮಾರಂಭದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ಬಲಿಯಾದರು.

ಮೈಸೂರಿನ ಅಳುಕು

ಹೊರಗಿದ್ದವರು ಸೇರಲು ಕಾತರರಾಗಿದ್ದರೆ, ಒಳಗಿದ್ದವರೆಲ್ಲರೂ ಬಾಗಿಲು ತೆರೆದು ನಿಂತಿದ್ದರೆಂದು ಭಾವಿಸಬೇಡಿ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ನೀರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವೆಲ್ಲ ಇದ್ದ ಮೈಸೂರು ಸ್ಥಿತಿವಂತ ರಾಜ್ಯ. ಹಿಂದುಳಿದ ಜಿಲ್ಲೆಗಳು ಸೇರಿದರೆ ತಮ್ಮ ಗಳಿಕೆ ಕರಗೀತು, ಅಧಿಕಾರ ಕೈತಪ್ಪೀತು ಎಂಬ ಭಯ ಇಲ್ಲಿನ ಹಲವು ನಾಯಕರಿಗಿತ್ತು. ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದವೂ ಎದ್ದಿತು.

ಈ ಅಳುಕನ್ನು ಮೀರಿ ಏಕೀಕರಣದ ಪರ ನಿಂತವರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು. ವಿಧಾನಸೌಧವನ್ನು ಕಟ್ಟಿಸಿದವರೂ ಅವರೇ. ಆದರೆ ಹೊಸ ರಾಜ್ಯ ಹುಟ್ಟುವುದಕ್ಕೆ ಕೆಲವೇ ವಾರಗಳ ಮೊದಲು, 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ಬಿಡಬೇಕಾಯಿತು.

ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಸಲ್ಲಿಸಿ ಒಂದೇ ಕರ್ನಾಟಕ ಸಾಕೆಂದಿತು. ಆದರೆ ತುಂಗಭದ್ರಾ ಯೋಜನೆಯ ಕಾರಣ ಹೇಳಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಸೇರಲಿ ಎಂದೂ ಸೂಚಿಸಿತು. ಹಂಪಿ ಇರುವುದು ಹೊಸಪೇಟೆಯ ಬಳಿ! ಈ ಸಲಹೆಯನ್ನು ಕೇಂದ್ರ ಸರ್ಕಾರ ಕೊನೆಗೆ ಒಪ್ಪಲಿಲ್ಲ.

1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಪ್ರದೇಶಗಳು ಕೂಡಿ 19 ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು.

ನಿಜವಾದ ಕೆಲಸ ಆಮೇಲೆ

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಸುತ್ತವೆ. ಆದರೆ ಕೂಡಿಸುವ ಕೆಲಸ ಆರಂಭವಾದದ್ದೇ ಇಲ್ಲಿಂದ.

ಊರಿನ ಜಮೀನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಅದನ್ನು ಬರೆಯುವವನು ಮೈಸೂರಿನಲ್ಲಿ ಶಾನುಭೋಗ, ಧಾರವಾಡದ ಕಡೆ ಕುಲಕರ್ಣಿ, ಬಳ್ಳಾರಿಯಲ್ಲಿ ಕರಣಂ, ಹೈದರಾಬಾದ್ ಸೀಮೆಯಲ್ಲಿ ಪಟವಾರಿ. ಕಂದಾಯದ ಕಾನೂನುಗಳೂ ಬೇರೆಬೇರೆ. ಮುಂಬಯಿಯದು 1879ರ ಸಂಹಿತೆ, ಮೈಸೂರಿನದು 1888ರದು, ಹೈದರಾಬಾದಿನದು ಫಸಲಿ ವರ್ಷದ ಲೆಕ್ಕದ್ದು. ಹೊಸ ರಾಜ್ಯದಲ್ಲಿ ಒಬ್ಬ ರೈತನಿಗೊಂದು ನ್ಯಾಯ, ಇನ್ನೊಬ್ಬನಿಗೊಂದು ನ್ಯಾಯ ಇರಬಹುದೇ? 1961ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆ ಬಂದಿತು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯಿದೆ ಬಂದದ್ದು 1964ರಲ್ಲಿ. ಭೂಪಟ ಬದಲಾಗಲು ಒಂದು ದಿನ ಸಾಕಾಯಿತು, ಕಂದಾಯದ ಕಾನೂನು ಒಂದಾಗಲು ಏಳು ವರ್ಷಕ್ಕೂ ಹೆಚ್ಚು ಬೇಕಾಯಿತು.

ನೌಕರರದು ಇನ್ನೊಂದು ಕಥೆ. ಐದು ಕಡೆಯಿಂದ ಬಂದವರಲ್ಲಿ ಹಿರಿಯರು ಯಾರು, ಬಡ್ತಿ ಯಾರಿಗೆ ಮೊದಲು? ಈ ಜ್ಯೇಷ್ಠತೆಯ ವ್ಯಾಜ್ಯಗಳು ವರ್ಷಗಟ್ಟಲೆ ನ್ಯಾಯಾಲಯದಲ್ಲಿದ್ದವು. ಹೊಸದಾಗಿ ಬಂದವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕೆಂದು ಪುನರ್ವಿಂಗಡಣಾ ಕಾಯಿದೆಯೇ ವಿಧಿಸಿತ್ತು. ಬಂದು ಸೇರುವವರಿಗೆ ರಕ್ಷಣೆ ಬೇಕೆಂಬ ವಿವೇಕ ಅದರಲ್ಲಿತ್ತು.

ಹೆಸರಿನ ಪ್ರಶ್ನೆಯೂ ಹೀಗೆಯೇ. ಹದಿನೇಳು ವರ್ಷ ಇಡೀ ರಾಜ್ಯಕ್ಕೆ ಅದರ ಒಂದು ಭಾಗದ ಹೆಸರೇ ಇತ್ತು. ಬೀದರಿನವರೂ ಕಾರವಾರದವರೂ ವಿಳಾಸದಲ್ಲಿ 'ಮೈಸೂರು' ಎಂದೇ ಬರೆಯಬೇಕಾಗಿತ್ತು. 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ 'ಕರ್ನಾಟಕ' ಎಂಬ ಹೆಸರು ಬಂದಾಗ ಎಲ್ಲರೂ ಸಮಾನವಾಗಿ ಹೇಳಿಕೊಳ್ಳಬಹುದಾದ ಹೆಸರು ಸಿಕ್ಕಿತು.

ಹಿಂದುಳಿದವರು, ಹೊರಗುಳಿದವರು

ಹೆಸರು ಒಂದಾದರೂ ಬಾಳು ಒಂದಾಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಅಂದರೆ ನಿಜಾಮರ ಕಾಲದ ಗೆರೆ ಭೂಪಟದಿಂದ ಅಳಿಸಿದ್ದರೂ ಶಾಲೆ, ಆಸ್ಪತ್ರೆಗಳ ಲೆಕ್ಕದಲ್ಲಿ ಇನ್ನೂ ಕಾಣುತ್ತಿತ್ತು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿ ಸೇರಿಸಿ, ಆ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ ಅವಕಾಶ ಕಲ್ಪಿಸಿದ್ದು 2012-13ರಲ್ಲಿ. ಕೂಡಿ ಐವತ್ತಾರು ವರ್ಷಗಳ ಮೇಲೆ!

ಜರ್ಮನಿಯಲ್ಲೂ ಹೀಗೆಯೇ ಆಯಿತು. ಬರ್ಲಿನ್ ಗೋಡೆ 1989ರ ನವೆಂಬರ್‌ನಲ್ಲಿ ಬಿದ್ದಿತು, 1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಆದರೆ ಪೂರ್ವದ ಅನೇಕ ಕಾರ್ಖಾನೆಗಳು ಮುಚ್ಚಿದವು. ಅಲ್ಲಿನವರನ್ನು ಮೇಲೆತ್ತಲು ವಿಶೇಷ ತೆರಿಗೆಯನ್ನೇ ಹಾಕಬೇಕಾಯಿತು.

ಇನ್ನು ಹೊರಗೆ ಉಳಿದವರು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. 1949ರಲ್ಲಿ ರಾಷ್ಟ್ರಕವಿ ಗೌರವ ಪಡೆದ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆಯಲ್ಲಿ ಕುಳಿತಂತೆಯೇ ಬೇರೊಂದು ರಾಜ್ಯದವರಾದರು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಇತ್ತ ಬೆಳಗಾವಿಯಲ್ಲಿ ಮರಾಠಿ ಮಾತನಾಡುವವರು ನಮ್ಮೊಳಗಿದ್ದಾರೆ. ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಆಚೆ ಉಳಿಯುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಗಾಗಿ ನಾವು ಏನನ್ನು ಕೇಳುತ್ತೇವೆಯೋ ಅದನ್ನೇ ಇಲ್ಲಿನ ಅಲ್ಪಸಂಖ್ಯಾತರಿಗೂ ಕೊಡಬೇಕು.

ಕೆಂಗೇರಿಯಲ್ಲಿ ಕಂಡದ್ದು

ಈ ಪ್ರಶ್ನೆಗಳು ರಾಜ್ಯಗಳಿಗಷ್ಟೇ ಸೀಮಿತವಲ್ಲ. ಕೆಂಗೇರಿಗೆ ತನ್ನದೇ ಪುರಸಭೆಯಿತ್ತು. 2007ರಲ್ಲಿ ಅದು, ಏಳು ನಗರಸಭೆಗಳು ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳೊಂದಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ವಿಂಗಡಿಸಲಾಯಿತು. ಊರೊಂದು ದೊಡ್ಡದರಲ್ಲಿ ಸೇರಿದಾಗಲೆಲ್ಲ ಜನ ಕೇಳುವುದು ಇವೇ ಮಾತುಗಳನ್ನು: ನಮ್ಮ ತೆರಿಗೆ ಎಲ್ಲಿಗೆ ಹೋಗುತ್ತದೆ? ನೀರು ನಮಗೂ ಬರುತ್ತದೆಯೇ? ನಮ್ಮ ಮಾತನ್ನು ಕೇಳುವವರು ಯಾರು?

ಬೀದರ್ 1956ರಲ್ಲಿ ಕೇಳಿದ್ದೂ ಇದನ್ನೇ. ಬಂದು ಸೇರಿದವರು ನೆಂಟರಂತೆ ಹೊಸ್ತಿಲಲ್ಲೇ ನಿಂತರೆ ಅದನ್ನು ಒಂದಾಗುವುದು ಎನ್ನಲಾಗದು. ಅವರೂ ಮನೆಯವರಾಗಿ, ತಟ್ಟೆಯಲ್ಲಿ ಸಮಪಾಲು ಸಿಕ್ಕಾಗಲಷ್ಟೇ ವಿಲೀನ ಪೂರ್ಣವಾಗುತ್ತದೆ.

ನೀವೇ ಮಾಡಿ ನೋಡಿ

1. ಭೂಪಟದಲ್ಲಿ 1956ಕ್ಕೆ ಮೊದಲಿನ ಐದು ಆಡಳಿತಗಳ ಪ್ರದೇಶಗಳಿಗೆ ಐದು ಬಣ್ಣ ಹಚ್ಚಿ. ನಿಮ್ಮ ಪೂರ್ವಿಕರ ಊರು ಯಾವ ಬಣ್ಣದಲ್ಲಿ ಬರುತ್ತದೆ?

2. ಮನೆಯಲ್ಲಿ ಹಳೆಯ ಜಮೀನು ಪತ್ರವೋ ಶಾಲೆಯ ಸರ್ಟಿಫಿಕೇಟೋ ಇದ್ದರೆ, ಅದರ ಮೇಲೆ ಯಾವ ರಾಜ್ಯದ ಹೆಸರಿದೆ, ಯಾವ ಭಾಷೆಯಲ್ಲಿದೆ ನೋಡಿ. ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

3. ನಿಮ್ಮ ತರಗತಿಯಲ್ಲಿ ಬೇರೆ ಜಿಲ್ಲೆಯಿಂದ ಬಂದ ಗೆಳೆಯರಿದ್ದರೆ, ಬೆಂಗಳೂರು ಅವರಿಗೆ ತಮ್ಮ ಊರೆನಿಸಿದೆಯೇ ಎಂದು ಕೇಳಿ. ಅವರ ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.